ಸುರಾಮಾಕ್ಕೆ ಹೋಗೋದಾದರೆ ಮೊದಲು ಲಾಂಚ್ ಟೈಮ್ ಕೇಳಿ

ಗಯಾನಾಕ್ಕೆ ಹೊರಟಿದ್ದೇನೆ ಅಂದಾಗ ಮನೆಯವರೆಲ್ಲ ಆಫ್ರಿಕಾದ ಘಾನಾ ಅಂದುಕೊಂಡಿದ್ದರು. ಇದು ದಕ್ಷಿಣ ಅಮೆರಿಕದ ದೇಶ, ಮಾತು ಇಂಗ್ಲಿಷ್. ಅಲ್ಲಿ ಇವೊಕ್ರಾಮಾ ಅಂತ ಸುಮಾರು 3,71,000 ಹೆಕ್ಟೇರಿನ ಮಳೆಕಾಡಿದೆ. ಅದಕ್ಕೆಂದೇ 1996ರಲ್ಲಿ ಒಂದು ಕಾನೂನು ಮಾಡಿ ಕಾಪಾಡಿಕೊಂಡಿದ್ದಾರೆ. ಅದರ ಪಕ್ಕದಲ್ಲೇ ಇರುವುದು ಸುರಾಮಾ, ಮಕುಶಿ ಜನರ ಊರು. ಅಲ್ಲಿನ ಲಾಡ್ಜ್ ನಡೆಸುವುದು ಊರಿನವರೇ. ಅಡುಗೆಯವರು, ದಾರಿ ತೋರಿಸುವವರು, ದೋಣಿಯವರು ಎಲ್ಲ ಅಲ್ಲಿಯವರೇ.

ತಯಾರಿಯಲ್ಲಿ ಮರೆಯಬಾರದ್ದು ಹಳದಿ ಜ್ವರದ ಲಸಿಕೆ. ಇದು ಎಲ್ಲ ಆಸ್ಪತ್ರೆಯಲ್ಲೂ ಸಿಗಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿಕೊಂಡು 10 ದಿನ ಆದ ಮೇಲೆಯೇ ಆ ಕಾರ್ಡಿಗೆ ಬೆಲೆ. ಕಾರ್ಡ್ ಇಲ್ಲದೆ ಗಯಾನಾದಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಕ್ವಾರಂಟೈನ್‌ಗೆ ಕಳಿಸಬಹುದು.

ರಾಜಧಾನಿ ಜಾರ್ಜ್‌ಟೌನ್‌ನಿಂದ ಎರಡು ದಾರಿ. ಒಂದು, ಅನ್ನಾಯ್ ಅನ್ನುವಲ್ಲಿ ಇಳಿಯುವ ಪುಟಾಣಿ ವಿಮಾನ. ಇನ್ನೊಂದು, ಬ್ರೆಜಿಲ್ ಗಡಿಯ ಲೆಥೆಮ್‌ಗೆ ಹೋಗುವ ಮಿನಿಬಸ್. ನಾನು ಹೋಗುವಾಗ ಬಸ್ಸನ್ನೇ ಹಿಡಿದೆ. ದುಡ್ಡು ಉಳಿಯುತ್ತದೆ ಅನ್ನುವುದಕ್ಕಿಂತ, ಕಾಡು ಎಷ್ಟು ದೊಡ್ಡದು ಅಂತ ಮೈಗೆ ಗೊತ್ತಾಗುವುದು ನೆಲದ ಮೇಲೆ ಹೋದಾಗಲೇ.

ಈ ಬಸ್ಸುಗಳು ಸಂಜೆ ಯಾಕೆ ಹೊರಡುತ್ತವೆ ಅಂತ ಮೊದಲು ಅರ್ಥವಾಗಲಿಲ್ಲ. ಕಾರಣ ಎಸೆಕ್ವಿಬೊ ನದಿ. ಕುರುಪುಕಾರಿಯಲ್ಲಿ ಅದನ್ನು ವಾಹನ ಸಮೇತ ದಾಟಬೇಕು. ಸೇತುವೆ ಆಗುವ ಮುಂಚೆ ಸಿಗಂದೂರು ಲಾಂಚ್ ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಲಾಂಚ್ ಓಡುವುದು ಹಗಲಲ್ಲಿ ಮಾತ್ರ, ಬೆಳಿಗ್ಗೆ ಆರರ ಸುಮಾರಿಗೆ ಶುರು. ಹಾಗಾಗಿ ಎಲ್ಲ ಲೆಕ್ಕವೂ ಅಲ್ಲಿಂದ ಹಿಂದಕ್ಕೆ. ಬೆಳಗಿನ ಮೊದಲ ಲಾಂಚ್‌ಗೆ ದಡದಲ್ಲಿರಬೇಕು, ಅದಕ್ಕೇ ರಾತ್ರಿಯೆಲ್ಲ ಪ್ರಯಾಣ.

ಲಿಂಡೆನ್ ಪಟ್ಟಣದವರೆಗೆ ಒಳ್ಳೆ ಡಾಂಬರು. ಆಮೇಲೆ ನನಗೆ ಸಿಕ್ಕಿದ್ದು ಬಹುಪಾಲು ಕೆಂಪು ಮಣ್ಣು, ಹೊಂಡ, ಮರದ ಹಲಗೆಯ ಸಣ್ಣ ಸೇತುವೆಗಳು. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಧೂಳು. ಒಂದು ಟವೆಲ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಪಾಸ್‌ಪೋರ್ಟೂ ಅಷ್ಟೇ. ಪೊಲೀಸರು ದಾರಿಯಲ್ಲಿ ಇಳಿಸಿ ಹೆಸರು ಬರೆದುಕೊಳ್ಳುತ್ತಾರೆ, ಬ್ಯಾಗಿನ ತಳದಲ್ಲಿದ್ದರೆ ಬಸ್ಸಿನವರೆಲ್ಲ ನಿಮಗಾಗಿ ಕಾಯಬೇಕು. ನಡುರಾತ್ರಿ ಊಟದ ಜಾಗದಲ್ಲಿ ನಿಲ್ಲಿಸಿದಾಗ ಜನ ಹ್ಯಾಮಕ್ ಕಟ್ಟಿ ಮಲಗಿಬಿಡುತ್ತಾರೆ. ನನ್ನ ಹತ್ತಿರ ಇರಲಿಲ್ಲ, ಬೆಂಚೇ ಗತಿ.

ಹೊಳೆ ದಾಟಿದರೆ ಸಾಕು, ರಸ್ತೆ ನೇರ ಇವೊಕ್ರಾಮಾ ಕಾಡಿನೊಳಗೆ. ಎರಡೂ ಕಡೆ ಗೋಡೆಯ ಹಾಗೆ ಮರ. ನಮ್ಮ ಬಸ್ಸಿನ ಮುಂದೆ ಕರಿ ಕ್ಯುರಾಸೋ ಹಕ್ಕಿಯ ಜೋಡಿಯೊಂದು ಓಡಿತು. ಟರ್ಕಿ ಕೋಳಿಯಷ್ಟು ದೊಡ್ಡದು, ಹಾರುವ ಯೋಚನೆಯೇ ಇಲ್ಲ.

ಬಸ್ಸು ಊರೊಳಗೆ ಹೋಗುವುದಿಲ್ಲ. ಸುರಾಮಾ ಜಂಕ್ಷನ್ ಅಂತ ಡ್ರೈವರ್‌ಗೆ ಹತ್ತುವಾಗಲೇ ಹೇಳಿ, ಕಾಡು ಮುಗಿಯುವ ಹೊತ್ತಿಗೆ ಇನ್ನೊಮ್ಮೆ ನೆನಪಿಸಿ. ಅಲ್ಲಿಂದ ಊರಿಗೆ ಸುಮಾರು 8 ಕಿಲೋಮೀಟರ್. ಮೊದಲೇ ತಿಳಿಸಿದ್ದರೆ ಊರಿನವರು ಗಾಡಿ ಕಳಿಸುತ್ತಾರೆ. ತಿಳಿಸದೆ ಸುಮ್ನೆ ಹೋಗಿ ಇಳಿಯುವ ಜಾಗ ಇದಲ್ಲ. ಅಷ್ಟು ಅಕ್ಕಿ, ಅಷ್ಟು ಡೀಸೆಲ್ ಎಲ್ಲ ಬರುವವರ ಲೆಕ್ಕ ನೋಡಿಯೇ ತರಿಸುವುದು. ಎಟಿಎಂ ಇಲ್ಲ, ಗಯಾನಾ ಡಾಲರ್ ಜಾರ್ಜ್‌ಟೌನ್‌ನಲ್ಲೇ ತೆಗೆದುಕೊಂಡಿರಿ.

ಮೇ ತಿಂಗಳಿಂದ ಆಗಸ್ಟ್‌ವರೆಗೆ ಆ ಕಡೆ ಜೋರು ಮಳೆ. ಬಸ್ಸು ಕೆಸರಲ್ಲಿ ಹೂತರೆ ಗಂಟೆಗಳ ಲೆಕ್ಕ ಬಿಟ್ಟುಬಿಡಬೇಕು. ಆ ತಿಂಗಳುಗಳಲ್ಲಿ ವಿಮಾನವೇ ವಾಸಿ.

ವಾಪಸ್ ಬರುವಾಗ ನಾನೂ ವಿಮಾನ ಹತ್ತಿದೆ. ಲಗೇಜು ತಲೆಗೆ 20 ಪೌಂಡ್, ಅಂದರೆ 9 ಕಿಲೋ. ಬ್ಯಾಗಿನ ಜೊತೆ ನಮ್ಮನ್ನೂ ತಕ್ಕಡಿ ಮೇಲೆ ನಿಲ್ಲಿಸುತ್ತಾರೆ, ನಾಚಿಕೆ ಪಡಬೇಡಿ. ಸುರಾಮಾದ ಆಂಟಿಯೊಬ್ಬರು ಕಟ್ಟಿಕೊಟ್ಟಿದ್ದ ಫರೀನ್, ಅಂದರೆ ವಿಷದ ರಸ ಹಿಂಡಿ ತೆಗೆದು ಹುರಿದ ಮರಗೆಣಸಿನ ತರಿ, ಜಾಸ್ತಿಯೇ ಇತ್ತು. ಅದಕ್ಕಾಗಿ ಬೂಟನ್ನು ಅಲ್ಲೇ ಬಿಟ್ಟು ಬಂದೆ.