ಮುರಕಲ್ಲಿನ ಹಳೇ ಮನೆ ಊರಿನ ಓದುಕೋಣೆಯಾಗುವಾಗ: ನೀರು, ಸುಣ್ಣ, ಹಂಚಿನ ಲೆಕ್ಕ

ದಕ್ಷಿಣ ಕನ್ನಡದ ಒಂದು ಮುರಕಲ್ಲು (ಜಂಬಿಟ್ಟಿಗೆ)-ಹಂಚಿನ ಮನೆಯನ್ನು ಓದುಕೋಣೆ ಮತ್ತು ಸಭೆಯ ಜಾಗ ಮಾಡಲು ಹೊರಟಾಗ ಮೊದಲ ಖರ್ಚು ಬಿದ್ದದ್ದು ಅಂಗಳಕ್ಕೆ. ವರ್ಷವರ್ಷ ಮಣ್ಣು ತುಂಬಿಸಿ, ಮೇಲೆ ಇಂಟರ್‌ಲಾಕ್ ಹಾಸಿ, ಅಂಗಳ ಒಳನೆಲದ ಮಟ್ಟಕ್ಕೇ ಬಂದಿತ್ತು. ಮಳೆನೀರು ಗೋಡೆಯ ಬುಡದಲ್ಲೇ ಇಂಗುತ್ತಿತ್ತು. ಮೊದಲು ಒಂದು ಮೂಲೆಯಲ್ಲಿ ಗುಂಡಿ ತೋಡಿ ಪಂಚಾಂಗ (ಗೋಡೆಯ ಅಡಿಪಾಯ) ಎಷ್ಟು ಆಳಕ್ಕಿದೆ ನೋಡಿದೆವು. ಆಮೇಲೆ ಸುತ್ತ ಒಂದಡಿ ಮಣ್ಣು ತೆಗೆದು, ಗೋಡೆಯಿಂದ ಆರಡಿ ದೂರದವರೆಗೆ ಎರಡು ಇಂಚು ಇಳಿಜಾರು ಕೊಟ್ಟು ತೋಡಿಗೆ ನೀರು ಬಿಟ್ಟೆವು. ಇದನ್ನು ಬಿಟ್ಟು ಒಳಗೆ ಎಷ್ಟು ಸಾರಣೆ ಮಾಡಿದರೂ ಹಣ ನೀರಿಗೆ ಹೋದಂತೆಯೇ.

ಹಿಂದೆ ಯಾರೋ ತೇವ ಮುಚ್ಚಲೆಂದು ಒಳಗೋಡೆಗೆ ಸಿಮೆಂಟ್ ಸಾರಣೆ ಮಾಡಿಸಿದ್ದರು. ಮುರಕಲ್ಲು ನೀರು ಹೀರುವ ಕಲ್ಲು. ಹೀರಿದ್ದನ್ನು ಹೊರಬಿಡಲು ದಾರಿ ಇಲ್ಲದಿದ್ದರೆ ತೇವ ಇನ್ನೂ ಮೇಲಕ್ಕೆ ಏರುತ್ತದೆ, ಉಪ್ಪು ಬಿಳಿ ಹಿಟ್ಟಿನಂತೆ ಉಕ್ಕುತ್ತದೆ, ಸಿಮೆಂಟು ಹಪ್ಪಳದ ಹಾಗೆ ಎದ್ದು ಬರುತ್ತದೆ. ಅದನ್ನು ತೆಗೆಯುವಾಗ ಬ್ರೇಕರ್ ಬೇಡ. ಸಣ್ಣ ಉಳಿ, ಹಗುರ ಸುತ್ತಿಗೆ, ಓರೆ ಪೆಟ್ಟು. ನೇರ ಹೊಡೆದರೆ ಕಲ್ಲಿನ ಮುಖವೂ ಸಿಮೆಂಟಿನ ಜೊತೆಗೇ ಕಿತ್ತು ಬರುತ್ತದೆ. ತೆಗೆದ ಮೇಲೆ ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಹಾಗೇ ಬಿಡಬೇಕು. ಕಾಯಲು ಕಮಿಟಿಯವರನ್ನು ಒಪ್ಪಿಸುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ಒಣಗಿತೋ ಇಲ್ಲವೋ ನೋಡಲು ಎರಡಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಗೋಡೆಗೆ ಅಂಟಿಸಿಡಿ. ಒಳಮೈಯಲ್ಲಿ ಬೆವರು ಕಂಡರೆ ಇನ್ನೂ ಕಾಯಿರಿ.

ಸುಣ್ಣವನ್ನು ನಾವೇ ಅರಳಿಸಿದೆವು. ಕಬ್ಬಿಣದ ಡ್ರಮ್ಮಿನಲ್ಲಿ ನೀರು ತುಂಬಿ ಅದಕ್ಕೆ ಸುಟ್ಟ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಹಾಕಬೇಕು. ಸುಣ್ಣದ ರಾಶಿಗೆ ನೀರು ಸುರಿದರೆ ಕುದಿದು ಮೈಮೇಲೆ ಸಿಡಿಯುತ್ತದೆ. ಕನ್ನಡಕ, ಕೈಗವಸು ಇಲ್ಲದವರನ್ನು ಹತ್ತಿರ ಬಿಡಬೇಡಿ. ಜರಡಿ ಹಿಡಿದು, ಮೇಲೆ ನೀರು ನಿಲ್ಲಿಸಿ ಮೂರು ತಿಂಗಳು ಇಟ್ಟೆವು. ಮೂರು ವಾರಕ್ಕಿಂತ ಮೊದಲು ಬಳಸಿದರೆ ಅರಳದೆ ಉಳಿದ ಹರಳು ಗೋಡೆಯಲ್ಲೇ ಅರಳಿ ಗುಳ್ಳೆ ಏಳುತ್ತದೆ. ಒಂದು ಪಾಲು ಸುಣ್ಣದ ಮುದ್ದೆಗೆ ಮೂರು ಪಾಲು ಮರಳು. ಅಳಿವೆಯ ಕಡೆಯ ಮರಳು ಉಪ್ಪು, ಬೇಡ. ತೀರಾ ನುಣುಪಾದ ಮರಳಾದರೆ ಜೇಡರ ಬಲೆಯಂಥ ಬಿರುಕು ಬರುತ್ತದೆ. ಅರ್ಧ ಇಂಚಿಗಿಂತ ದಪ್ಪ ಬಳಿಯದೆ, ಒದ್ದೆ ಗೋಣಿ ತೂಗುಹಾಕಿ ಒಂದು ವಾರ ತೇವ ಕಾಯ್ದೆವು. ಮೇಲೆ ಸುಣ್ಣದ ನೀರು ಮಾತ್ರ. ಡಿಸ್ಟೆಂಪರ್ ಹೊಡೆದರೆ ಸಿಮೆಂಟಿನ ಹಾಗೆಯೇ ತೇವ ಹೊರಬರುವ ದಾರಿ ಮುಚ್ಚುತ್ತದೆ.

ಮಾಡು, ಅಂದರೆ ಹಂಚಿನ ಛಾವಣಿ, ಬಿಚ್ಚುವ ಕೆಲಸ ಪತ್ತನಾಜೆಯೊಳಗೆ (ತುಳುನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ಹೊತ್ತಿಗೆ ಬರುವ ದಿನ) ಮುಗಿಯಲೇಬೇಕು. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15, ಅಂದರೆ ಒಂದು ಚದರಕ್ಕೆ (ನೂರು ಚದರ ಅಡಿಗೆ) 140ರ ಹತ್ತಿರ. ಒಡೆಯುವುದಕ್ಕೆಂದು ಹತ್ತರಲ್ಲೊಂದು ಪಾಲು ಹೆಚ್ಚು ಇಟ್ಟುಕೊಳ್ಳಿ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಠಣ್ ಎಂದರೆ ಇಡಿ, ದಬ್ ಎಂದರೆ ಒಳಬಿರುಕು. ಪಾಚಿಯನ್ನು ಒಣ ಬ್ರಷ್ಷಿನಲ್ಲಿ ಉಜ್ಜಿದರೆ ಸಾಕು. ಬೇರೆಬೇರೆ ಕಾರ್ಖಾನೆಯ ಹಂಚುಗಳ ಗಾಡಿ (ಅಂಚಿನ ತೋಡುಗೆರೆ) ಒಂದಕ್ಕೊಂದು ಕೂರುವುದಿಲ್ಲ. ಹಿಂಬದಿಯ ಮುದ್ರೆ ನೋಡಿ ಬೇರ್ಪಡಿಸಿ, ಮಾಡಿನ ಒಂದೊಂದು ಪಕ್ಕಕ್ಕೆ ಒಂದೊಂದು ಬಗೆ ಹಾಕಿ. ರೀಪಿನ (ಹಂಚು ಕೂರುವ ಅಡ್ಡಪಟ್ಟಿಯ) ಅಂತರವನ್ನು ಪುಸ್ತಕ ನೋಡಿ ಇಡಬೇಡಿ. ಹನ್ನೆರಡು ಹಂಚು ನೆಲದ ಮೇಲೆ ಜೋಡಿಸಿ, ಒಮ್ಮೆ ಬಿಗಿಯಾಗಿ ಒತ್ತಿ, ಒಮ್ಮೆ ಎಳೆದು ಅಳೆದು, ಎರಡು ಅಳತೆಗಳ ಸರಾಸರಿಯಿಂದ ಒಂದು ಹಂಚಿನ ಅಂತರ ತೆಗೆಯಿರಿ.

ಪಕ್ಕಾಸುಗಳು (ಮಾಡು ಹೊರುವ ಓರೆ ಮರಗಳು) ನಡುವೆ ಗಟ್ಟಿಯಾಗಿ ಕಂಡರೂ ಗೋಡೆಯ ಮೇಲೆ ಕೂರುವ ತುದಿಯಲ್ಲಿ ಲಡ್ಡಾಗಿರುತ್ತವೆ. ಸ್ಕ್ರೂಡ್ರೈವರ್ ಚುಚ್ಚಿ, ಅರ್ಧ ಇಂಚು ಇಳಿದರೆ ಅಷ್ಟು ತುಂಡು ಹೋಯಿತೆಂದೇ ಲೆಕ್ಕ. ಇಡೀ ಮರ ಬದಲಿಸಬೇಕಿಲ್ಲ, ಓರೆಗಂಡಿಯಲ್ಲಿ (ಎರಡೂ ಮರವನ್ನು ಓರೆಯಾಗಿ ಕತ್ತರಿಸಿ ಕೂಡಿಸಿ) ಹೊಸ ತುದಿ ಬೆಸೆಯಬಹುದು. ಬೆಸುಗೆಯ ಉದ್ದ ಮರದ ದಪ್ಪದ ಮೂರು ಪಟ್ಟಾದರೂ ಇರಲಿ. ಕಣ್ಣಿಗೆ ಬೀಳದ ಕಡೆಗೆಲ್ಲ ಗೇರುಸಿಪ್ಪೆಯ ಎಣ್ಣೆ ಹಚ್ಚಿದೆವು. ಗೆದ್ದಲಿಗೆ ಒಳ್ಳೇದು, ಆದರೆ ಚರ್ಮ ಸುಡುತ್ತದೆ. ಕೈ ತಾಗುವ ಬಾಗಿಲು, ಕಂಬಗಳಿಗೆ ಅಗಸೆ ಎಣ್ಣೆಯೇ ಸರಿ.

ಹೊಸ ಬಳಕೆಯ ವಿಷಯದಲ್ಲಿ ತಪ್ಪುವುದು ಭಾರದ ಲೆಕ್ಕ. ಕಟ್ಟಡದ ಭಾರಕ್ಕೆ ಇರುವ ಭಾರತೀಯ ಮಾನಕ ಐಎಸ್ 875ರ ಪ್ರಕಾರ ಮನೆಯ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್ (ಸುಮಾರು 200 ಕಿಲೋ ಭಾರ), ಕುರ್ಚಿಗಳನ್ನು ನೆಲಕ್ಕೆ ಬಿಗಿಯದ ಸಭಾಂಗಣಕ್ಕೆ 5. ಅಟ್ಟದ ತೊಲೆಗಳು ಎಂದೋ ತೆಂಗಿನಕಾಯಿ ಹೊತ್ತವು, ಐವತ್ತು ಜನರನ್ನಲ್ಲ. ಹಾಗಾಗಿ ಅಟ್ಟಕ್ಕೆ ಬೀಗ; ಪುಸ್ತಕದ ಕಪಾಟುಗಳೂ ಕೆಳಗೇ, ಗೋಡೆಗೆ ತಾಗದಂತೆ ಮೂರು ಇಂಚು ಬಿಟ್ಟು. ಚಾವಡಿಯ ಹೊಸ್ತಿಲು ಕಡಿಯಲು ಯಾರೂ ಒಪ್ಪಲಿಲ್ಲ, ಒಪ್ಪದಿದ್ದುದು ಒಳ್ಳೆಯದೇ ಆಯಿತು. ಗಾಲಿಕುರ್ಚಿಯ ದಾರಿಯನ್ನು ಪಕ್ಕದ ಬಾಗಿಲಿಗೆ ಕೊಟ್ಟೆವು: ಒಂದಡಿ ಎತ್ತರಕ್ಕೆ ಹನ್ನೆರಡಡಿ ಇಳಿಜಾರು. ವಯರಿಂಗಿಗೆ ಗೋಡೆ ಕೊರೆಯದೆ ಮುಚ್ಚಿಗೆಯ (ಮರದ ಒಳಛಾವಣಿಯ) ಅಂಚಿನಲ್ಲೇ ಪೈಪು ಎಳೆದೆವು. ಶೌಚಾಲಯ ಬೇರೆಯೇ ಕಟ್ಟಡ, ಹತ್ತಡಿ ಆಚೆ. ಮುರಕಲ್ಲಿನ ಗೋಡೆಯೊಳಗೆ ನೀರಿನ ಪೈಪು ಹಾಯಿಸಿದರೆ ಸೋರಿಕೆ ಕಣ್ಣಿಗೆ ಬೀಳುವ ಹೊತ್ತಿಗೆ ಕಲ್ಲು ಕರಗಿರುತ್ತದೆ.