ಒಂದೇ ಕಂಠ, ಎರಡು ಸ್ವರ: ಸಿಗಿತ್ ಅಭ್ಯಾಸದ ನನ್ನ ಅನುಭವ

ದಕ್ಷಿಣ ಸೈಬೀರಿಯಾದ ತುವಾದಲ್ಲಿ ಹಾಡುಗಾರರು ಕೆಳಗೆ ಒಂದೇ ಷಡ್ಜ ಹಿಡಿದುಕೊಂಡು, ಅದರ ಮೇಲೆ ಸಿಳ್ಳೆಯಂಥ ಇನ್ನೊಂದು ಸ್ವರವನ್ನು ಓಡಾಡಿಸುತ್ತಾರೆ. ಈ ಶೈಲಿಗೆ ಸಿಗಿತ್ ಎಂದು ಹೆಸರು. ಇಲ್ಲಿ ಗಂಟಲು ಎರಡು ಸ್ವರ ಹೊರಡಿಸುವುದಿಲ್ಲ. ತಂಬೂರಿಯ ಮಂದ್ರ ತಂತಿ ಮೀಟಿದಾಗ ಅಂತರ ಗಾಂಧಾರ ತಾನಾಗಿ ಕೇಳಿಸುತ್ತದಲ್ಲ, ನಮ್ಮ ದನಿಯೊಳಗೂ ಅಂಥ ಮೇಲುಸ್ವರಗಳು, ಅಂದರೆ ಮೂಲ ಸ್ವರದ 2, 3, 4 ಪಟ್ಟು ಕಂಪನದ ಹಾರ್ಮೋನಿಕ್‌ಗಳು ಮೊದಲೇ ಇವೆ. ಅವುಗಳಲ್ಲಿ ಒಂದನ್ನು ಮಾತ್ರ ಬಾಯಿ ಎತ್ತಿ ಹಿಡಿಯಬೇಕು.

ಗಂಡು ದನಿಗೆ ಹಾರ್ಮೋನಿಯಂನ ಬಿಳಿ 1 ಶ್ರುತಿ, ಅಂದರೆ ಸುಮಾರು 131 ಹರ್ಟ್ಸ್ ಅನುಕೂಲ. ಆಗ 8, 9, 10, 12ನೇ ಹಾರ್ಮೋನಿಕ್‌ಗಳು ಸ, ರಿ, ಗ, ಪ ಆಗಿ 1046ರಿಂದ 1570 ಹರ್ಟ್ಸ್ ನಡುವೆ ಬೀಳುತ್ತವೆ. 13ನೆಯದು ತುಸು ಇಳಿದ ಧೈವತ. ಒಟ್ಟಿಗೆ ಕೇಳಿದರೆ ಮೋಹನ ರಾಗದ ಛಾಯೆ. 7 ಮತ್ತು 11 ಯಾವ ಸ್ವರಸ್ಥಾನಕ್ಕೂ ಕೂರುವುದಿಲ್ಲ, ತುವಾದವರೂ ಅವನ್ನು ದಾಟಿಹೋಗುತ್ತಾರೆ. ಶ್ರುತಿ ಏರಿದಷ್ಟೂ ಹಾರ್ಮೋನಿಕ್‌ಗಳ ಅಂತರ ಹಿಗ್ಗಿ, ಕೈಗೆ ಸಿಗುವ ಸ್ವರ ಕಡಿಮೆಯಾಗುತ್ತವೆ. ಹಾಗಾಗಿ ಹೆಣ್ಣು ದನಿಯವರು ತಮಗೆ ಹಿತವಾದ ಕೆಳಶ್ರುತಿಯಲ್ಲೇ ಶುರುಮಾಡುವುದು ಒಳ್ಳೆಯದು.

ನಾಲಿಗೆಯ ಕೆಲಸವೇ ಮುಖ್ಯ. ತುದಿಯನ್ನು ‘ಲ’ ಮತ್ತು ‘ಳ’ ಹುಟ್ಟುವ ಜಾಗಗಳ ನಡುವೆ ಅಂಗುಳಕ್ಕೆ ಒತ್ತಿ. ಎರಡೂ ಅಂಚುಗಳು ಮೇಲಿನ ದವಡೆಹಲ್ಲುಗಳಿಗೆ ಅಂಟಿಕೊಂಡಿರಲಿ. ಒಂದು ಪಕ್ಕದಲ್ಲಿ ಮಾತ್ರ, ದವಡೆಹಲ್ಲಿನ ಬಳಿ, ಸಣ್ಣ ಸಂದು ಬಿಡಿ. ತುಟಿಯನ್ನು ‘ಊ’ಗೆ ಮುಂದೆ ಚಾಚಿ, ಕಿರುಬೆರಳು ತೂರುವಷ್ಟು ಮಾತ್ರ ತೆರೆಯಿರಿ. ಸಂದು ಸರಿಯಾಗಿದೆಯೇ ಎಂದು ತಿಳಿಯಲು ದನಿಯಿಲ್ಲದೆ ಬಾಯಿಂದ ಉಸಿರೆಳೆದುಕೊಳ್ಳಿ. ಒಂದೇ ಪಕ್ಕ ತಣ್ಣಗಾಗಬೇಕು. ಎರಡೂ ಕಡೆ ತಣ್ಣಗಾದರೆ ಅಂಚು ಬಿಟ್ಟಿದೆ ಎಂದರ್ಥ.

ಈಗ ದನಿ ಕೊಟ್ಟು, ತುದಿ ಕದಲಿಸದೆ, ನಾಲಿಗೆಯ ನಡುಭಾಗವನ್ನಷ್ಟೇ ‘ಊ’ದಿಂದ ‘ಈ’ಯತ್ತ ಹೋಗುವಂತೆ ಮುಂದೆ ತನ್ನಿ. ಮುಂದೆ ಬಂದಷ್ಟೂ ಮೇಲಿನ ಸ್ವರ ಏರುತ್ತದೆ. ಚಲನೆ ತೀರಾ ಚಿಕ್ಕದು. ಬೀಸಾಗಿ ಸರಿಸಿದರೆ 8ರಿಂದ ನೇರ 10ಕ್ಕೆ ಹಾರುತ್ತದೆ.

ಸಿಳ್ಳೆ ಮಂಕಾಗಿದ್ದರೆ ಮೊದಲು ಮೂಗು ಹಿಡಿದು ನೋಡಿ. ನಾದ ಬದಲಾದರೆ ಗಾಳಿ ಮೂಗಿಗೆ ಸೋರುತ್ತಿದೆ, ಕಿರುನಾಲಿಗೆಯ ಭಾಗ ಮೇಲೇಳಬೇಕು. ದನಿಯಲ್ಲಿ ಗಾಳಿ ಬೆರೆತಿದ್ದರೂ ಸಿಳ್ಳೆ ಏಳದು, ಏಕೆಂದರೆ ಮೇಲಿನ ಹಾರ್ಮೋನಿಕ್‌ಗಳೇ ದುರ್ಬಲವಾಗಿರುತ್ತವೆ. ದನಿ ಮೊನಚಾಗಿ, ಗಟ್ಟಿಯಾಗಿ ಬರಲಿ. ಆದರೆ ಬಲವನ್ನು ಹೊಟ್ಟೆಯಿಂದ ಕೊಡಿ. ಗಂಟಲು ಕೆರೆದರೆ, ಕೆಮ್ಮು ಬಂದರೆ ಅಂದಿಗೆ ಅಲ್ಲಿಗೇ ನಿಲ್ಲಿಸಿ.

ಅಭ್ಯಾಸಕ್ಕೆ ಟೈಲ್ಸ್ ಹಾಕಿದ ಬಚ್ಚಲುಮನೆ ಬಹಳ ಒಳ್ಳೆಯದು, ಸಿಳ್ಳೆ ಗೋಡೆಗೆ ಬಡಿದು ಸ್ಪಷ್ಟವಾಗಿ ಕೇಳುತ್ತದೆ. ಮೊಬೈಲ್‌ನಲ್ಲಿ ದನಿಯ ಕಂಪನಗಳನ್ನು ಗೆರೆಗಳಾಗಿ ತೋರಿಸುವ ಸ್ಪೆಕ್ಟ್ರೋಗ್ರಾಂ ಆ್ಯಪ್ ತೆರೆದು 500ರಿಂದ 2000 ಹರ್ಟ್ಸ್ ಭಾಗ ಹಿಗ್ಗಿಸಿಟ್ಟುಕೊಂಡರೆ ಎದ್ದ ಸ್ವರ ಹೊಳೆಯುವ ಗೆರೆಯಾಗಿ ಕಾಣುತ್ತದೆ. ಎಲ್ಲ ಗೆರೆಗಳೂ ಒಟ್ಟಿಗೆ ಮೇಲೇರಿದರೆ ಏರಿದ್ದು ಸಿಳ್ಳೆಯಲ್ಲ, ನಿಮ್ಮ ಷಡ್ಜ. ತಂಬೂರಿ ಹಾಕಿಕೊಂಡು 8–9–8, 8–10–8, 8–12–8 ಎಂದು ಒಂದೊಂದು ಉಸಿರಿಗೆ ಒಂದೊಂದನ್ನು ಸಾಧಿಸಿ. ಪಂಚಮಕ್ಕೆ ಹೋಗುವಾಗ 11ನ್ನು ಚಕ್ಕನೆ ದಾಟುವುದೇ ಕಷ್ಟದ ಜಾಗ, ಅದಕ್ಕೆ ಹೆಚ್ಚು ಸಮಯ ಕೊಡಿ.