ರಪ್ಚರ್ ಡಿಸ್ಕಿನ ಆಚೆ ಬದಿ

ಔಷಧದ ಕಚ್ಚಾವಸ್ತು ತಯಾರಿಸುವ ಕಾರ್ಖಾನೆಯಲ್ಲಿ ನಿರ್ವಹಣಾ ವಿಭಾಗದ ಹೊಣೆ ನನ್ನದು. ಅಲ್ಲಿನ ಪಂಪು, ಬಾಯ್ಲರುಗಳಿಗಿಂತ ಹೆಚ್ಚು ನನ್ನ ಯೋಚನೆಯನ್ನು ಹಿಡಿದಿಟ್ಟದ್ದು ಹೈಡ್ರೋಜನ್ ತುಂಬಿ ಒತ್ತಡದಲ್ಲಿ ರಾಸಾಯನಿಕ ಕ್ರಿಯೆ ನಡೆಸುವ ಪಾತ್ರೆಯಾದ ಹೈಡ್ರೋಜನೇಷನ್ ಆಟೋಕ್ಲೇವ್‌ನ ನೆತ್ತಿಯಲ್ಲಿ ಎರಡು ಫ್ಲ್ಯಾಂಜ್‌ಗಳ ನಡುವೆ ಕುಳಿತಿದ್ದ ಒಂದು ತೆಳು ಲೋಹದ ಹಾಳೆ, ಒತ್ತಡ ಮಿತಿ ಮೀರಿದರೆ ತಾನು ಒಡೆದು ಪಾತ್ರೆಯನ್ನು ಉಳಿಸುವ ರಪ್ಚರ್ ಡಿಸ್ಕ್. ಪಾತ್ರೆಯ ವಿನ್ಯಾಸ ಒತ್ತಡ 16 ಬಾರ್. ಡಿಸ್ಕ್ ಕೂಡ 16ಕ್ಕೇ ಒಡೆಯುವಂಥದ್ದು. ಬ್ಯಾಚ್ ನಡೆಯುವುದು 13 ಬಾರ್‌ನಲ್ಲಿ. ನೋಡುವುದಕ್ಕೆ 3 ಬಾರ್ ಅಂತರವಿದೆ. ಆದರೂ ಡಿಸ್ಕ್ ಹೊತ್ತಲ್ಲದ ಹೊತ್ತಿನಲ್ಲಿ ಒಡೆಯುತ್ತಿತ್ತು, ಹೈಡ್ರೋಜನ್ ಎಲ್ಲ ಚಾವಣಿಯ ಮೇಲಿನ ವೆಂಟ್ ಪೈಪಿನಿಂದ ಹೊರಟುಹೋಗುತ್ತಿತ್ತು.

‘ಸರ್, 20 ಬಾರ್‌ನದ್ದೇ ಹಾಕಿಬಿಡಿ, ಈ ಕಾಟ ತಪ್ಪುತ್ತದೆ’ ಎಂದರು ಉತ್ಪಾದನಾ ವಿಭಾಗದವರು. ಅವರ ಅವಸರ ನನಗೆ ಅರ್ಥವಾಗುತ್ತಿತ್ತು. ಆದರೆ ಈ ಮಾತಿಗೆ ಮಾತ್ರ ನಾನು ಸೊಪ್ಪು ಹಾಕಲಿಲ್ಲ. ಒಂದೇ ಡಿಸ್ಕ್ ಕಾಯುತ್ತಿರುವ ಪಾತ್ರೆಯಲ್ಲಿ ಡಿಸ್ಕಿನ ಅಂಕಿ ಪಾತ್ರೆಯ ಅಂಕಿಯನ್ನು ದಾಟುವಂತಿಲ್ಲ.

ಒಡೆದ ಡಿಸ್ಕ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಒಡೆಯುವ ಮೊದಲೇ ಬಿಚ್ಚಿದ ಒಂದನ್ನು ಟಾರ್ಚ್ ಬೆಳಕಿಗೆ ಹಿಡಿದಾಗ ಗುಮ್ಮಟದ ಬುಡದಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡಿತು. ಅವೆಲ್ಲ ಉಬ್ಬು ಹೊರಮುಖವಾಗಿರುವ ಸಾದಾ ಡಿಸ್ಕ್‌ಗಳು. ಒತ್ತಡ ಹಾಳೆಯನ್ನು ಹಿಗ್ಗಿಸುತ್ತದೆ. ಇಂಥವುಗಳನ್ನು ನಮೂದಿತ ಒತ್ತಡದ ಶೇ 70ರೊಳಗೆ ಬಳಸಬೇಕು, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 11 ಬಾರ್. ನಾವು ಶೇ 80 ದಾಟಿದ್ದೆವು. ಸಾಲದ್ದಕ್ಕೆ, ಕ್ರಿಯೆ ಹೈಡ್ರೋಜನ್ ಹೀರಿಕೊಂಡಂತೆ ಒತ್ತಡ ಇಳಿಯುತ್ತದೆ, ಮತ್ತೆ ತುಂಬಿದಾಗ ಏರುತ್ತದೆ. ಈ ಏರಿಳಿತದಲ್ಲೇ ಲೋಹ ದಣಿಯುತ್ತಿತ್ತು.

ಹಾಗಾಗಿ ರಿವರ್ಸ್ ಬಕ್ಲಿಂಗ್ ಡಿಸ್ಕ್ ತರಿಸಿದೆವು. ಇದರ ಉಬ್ಬು ಒತ್ತಡದ ಕಡೆಗೇ ಮುಖ ಮಾಡಿರುತ್ತದೆ. ಎಣ್ಣೆ ಡಬ್ಬಿಯ ಉಬ್ಬಿದ ತಳವನ್ನು ಹೆಬ್ಬೆರಳಿನಿಂದ ಒತ್ತಿದರೆ ಟಕ್ಕೆಂದು ಒಳಕ್ಕೆ ಮಗುಚಿಕೊಳ್ಳುವಂತೆ, ನಿಗದಿತ ಒತ್ತಡದಲ್ಲಿ ಇದು ಮಗುಚಿ, ಮೊದಲೇ ಗೀರಿದ ಗೆರೆಗುಂಟ ತೆರೆದುಕೊಳ್ಳುತ್ತದೆ. ಶೇ 90ರವರೆಗೆ ನೆಮ್ಮದಿಯಿಂದ ನಡೆಸಬಹುದು, ಚೂರುಗಳು ಹಾರುವುದಿಲ್ಲ. ಆದ್ದರಿಂದ ಅದರ ಮೇಲೆ ಸೇಫ್ಟಿ ವಾಲ್ವನ್ನೂ ಕೂರಿಸಿದೆವು. ಡಿಸ್ಕ್ ಒಡೆದರೂ ಒತ್ತಡ ಇಳಿದ ಮೇಲೆ ವಾಲ್ವ್ ಮುಚ್ಚಿಕೊಳ್ಳುತ್ತದೆ, ಇಡೀ ಬ್ಯಾಚ್ ಹಾಳಾಗುವುದಿಲ್ಲ. ಡಿಸ್ಕ್ ಮತ್ತು ವಾಲ್ವ್‌ಗಳನ್ನು ಜೋಡಿಯಾಗಿ ಪರೀಕ್ಷಿಸಿ ಪ್ರಮಾಣಪತ್ರ ಪಡೆದಿಲ್ಲದಿದ್ದರೆ ವಾಲ್ವಿನ ಸಾಮರ್ಥ್ಯವನ್ನು ಶೇ 10ರಷ್ಟು ತಗ್ಗಿಸಿ ಲೆಕ್ಕ ಹಾಕಬೇಕು. ಗಾತ್ರ ಆರಿಸುವಾಗಲೇ ಇದನ್ನು ಸೇರಿಸಿಕೊಂಡೆವು.

ಜೋಡಿಸುವ ಕೆಲಸದ ಹೊತ್ತಿಗೆ ಫಿಟ್ಟರ್ ಜೊತೆ ನಾನೇ ಮೇಲೆ ಹತ್ತಿದೆ. ಹಳೆಯ ಡಿಸ್ಕ್‌ಗಳಿಗೆ ಒಗ್ಗಿದ ಕೈ ಉಬ್ಬನ್ನು ಮೇಲ್ಮುಖವಾಗಿಯೇ ಇಡಲು ಹೋಗುತ್ತದೆ. ರಿವರ್ಸ್ ಡಿಸ್ಕನ್ನು ತಿರುವುಮುರುವಾಗಿ ಇಟ್ಟರೆ ಅದು ತನ್ನ ಅಂಕಿಗಿಂತ ಎಷ್ಟೋ ಹೆಚ್ಚಿನ ಒತ್ತಡದವರೆಗೂ ಒಡೆಯದೆ ಕೂರಬಹುದು. ಆದ್ದರಿಂದ ಟ್ಯಾಗ್ ಮೇಲಿನ ಬಾಣವನ್ನು ಇಬ್ಬರು ನೋಡಿ ಸಹಿ ಹಾಕಿದ ಮೇಲೆಯೇ ಬೋಲ್ಟ್ ಬಿಗಿಯುವುದು ನಮ್ಮಲ್ಲಿ ನಿಯಮವಾಯಿತು. ಗುಮ್ಮಟಕ್ಕೆ ಬೆರಳು ತಾಗಿಸುವುದಿಲ್ಲ, ಅಂಚನ್ನು ಮಾತ್ರ ಹಿಡಿಯುತ್ತೇವೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚ್‌ನಿಂದ, ತಯಾರಕರು ಕೊಟ್ಟ ಅಳತೆಗೆ ಬಿಗಿಯುತ್ತೇವೆ. ಟ್ಯಾಗ್ ಮೇಲೆ ಒತ್ತಡದ ಪಕ್ಕದಲ್ಲೇ ಉಷ್ಣಾಂಶವೂ ಇರುತ್ತದೆ, ಅದನ್ನೂ ಓದಬೇಕು. ಬಿಸಿಯಲ್ಲಿ 16 ಬಾರ್‌ಗೆ ಒಡೆಯುವ ಸ್ಟೀಲ್ ಹಾಳೆ ತಣ್ಣಗಿರುವಾಗ ಇನ್ನೂ ಹೆಚ್ಚು ತಾಳುತ್ತದೆ.

ಇಷ್ಟರಲ್ಲಿ ಕೆಲಸ ಮುಗಿಯಿತೆಂದು ಬಹಳ ಮಂದಿ ಭಾವಿಸುತ್ತಾರೆ. ನನ್ನ ಮಟ್ಟಿಗೆ ಮುಖ್ಯ ಭಾಗ ಇಲ್ಲಿಂದಲೇ ಶುರು. ಡಿಸ್ಕಿಗೆ ಪಾತ್ರೆಯ ಒತ್ತಡವೊಂದೇ ತಿಳಿಯುವುದಿಲ್ಲ, ಎರಡೂ ಬದಿಗಳ ನಡುವಿನ ವ್ಯತ್ಯಾಸ ಮಾತ್ರ ತಿಳಿಯುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಅನಿಲ ಜಿನುಗಿ, ಡಿಸ್ಕ್ ಮತ್ತು ವಾಲ್ವಿನ ನಡುವಿನ ಜಾಗದಲ್ಲಿ 6 ಬಾರ್ ಸೇರಿಕೊಂಡಿತು ಎನ್ನೋಣ. ಆಗ ಡಿಸ್ಕ್ ಒಡೆಯುವುದು 16ಕ್ಕಲ್ಲ, 22ಕ್ಕೆ. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಟ್ಯಾಗ್ ಮೇಲೆ 16 ಎಂದೇ ಇರುತ್ತದೆ. ಅದಕ್ಕೇ ಆ ಜಾಗಕ್ಕೆ ಒಂದು ಪ್ರೆಷರ್ ಗೇಜ್, ಜಿನುಗಿದ್ದು ಹೊರಹೋಗಲು ಒಂದು ಎಕ್ಸೆಸ್ ಫ್ಲೋ ವಾಲ್ವ್ (ಸಣ್ಣ ಹರಿವನ್ನು ಹೊರಬಿಟ್ಟು, ಜೋರು ಹರಿವು ಬಂದರೆ ಮುಚ್ಚಿಕೊಳ್ಳುವಂಥದ್ದು) ಹಾಕಿದೆವು. ಪ್ರತಿ ಶಿಫ್ಟ್‌ನ ಆಪರೇಟರ್ ಗೇಜ್ ನೋಡಿ ಲಾಗ್ ಪುಸ್ತಕದಲ್ಲಿ ಬರೆಯುತ್ತಾರೆ. ಮುಳ್ಳು ಸೊನ್ನೆ ಬಿಟ್ಟು ಕದಲಿದ್ದರೆ ಮುಂದಿನ ಬ್ಯಾಚ್ ಹಿಡಿಯುವುದಿಲ್ಲ. ಈ ವಿಷಯದಲ್ಲಿ ಯಾರ ಒತ್ತಾಯಕ್ಕೂ ನಾನು ಬಗ್ಗುವುದಿಲ್ಲ.

ಆಚೆ ಬದಿ ಎಂದರೆ ಅಷ್ಟೇ ಅಲ್ಲ, ಹೊರಬಿದ್ದದ್ದು ಎಲ್ಲಿಗೆ ಹೋಗುತ್ತದೆ ಎಂಬುದೂ ಹೌದು. ಹೊಸ ಹುಡುಗರಿಗೆ ಇದನ್ನು ಹೇಳುವಾಗ ನಾನು ಭೋಪಾಲ್‌ನ ಹೆಸರೆತ್ತುತ್ತೇನೆ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ 610ನೇ ಟ್ಯಾಂಕಿನ ಡಿಸ್ಕ್ ಒಡೆಯಿತು, ಸೇಫ್ಟಿ ವಾಲ್ವೂ ತೆರೆಯಿತು. ಅವೆರಡೂ ತಮ್ಮ ಕೆಲಸ ಮಾಡಿದವು. ಆದರೆ ವಿಷಾನಿಲವನ್ನು ತೊಳೆಯಬೇಕಿದ್ದ ಸ್ಕ್ರಬ್ಬರ್ ಅಷ್ಟನ್ನು ತಾಳುವ ಸ್ಥಿತಿಯಲ್ಲಿರಲಿಲ್ಲ, ಸುಡಬೇಕಿದ್ದ ಫ್ಲೇರ್‌ನ ಪೈಪನ್ನು ದುರಸ್ತಿಗೆ ಬಿಚ್ಚಿದ್ದರು. ಟ್ಯಾಂಕ್ ಉಳಿಯಿತು, ಊರು ಉಳಿಯಲಿಲ್ಲ.

ನಮ್ಮಲ್ಲಿ ವೆಂಟ್ ಪೈಪು ಚಾವಣಿಯಿಂದ ಮೇಲಕ್ಕೆ, ಜನ ಓಡಾಡುವ ಕಟ್ಟೆಯಿಂದ ದೂರಕ್ಕೆ ಹೋಗುತ್ತದೆ. ಡಿಸ್ಕ್ ಒಡೆದಾಗ ಪೈಪು ಹಿಂದಕ್ಕೆ ಒದೆಯುತ್ತದೆ, ಅದಕ್ಕೆ ತಕ್ಕ ಆಧಾರಗಳನ್ನು ಬೆಸುಗೆ ಹಾಕಿಸಿದ್ದೇವೆ. ಕಡಿಮೆ ಒತ್ತಡದ ಗಾಜಿನ ಲೇಪನದ ರಿಯಾಕ್ಟರ್‌ಗಳಲ್ಲಿ ವಾಲ್ವಿಲ್ಲದೆ ಬರೀ ಡಿಸ್ಕ್ ಇದೆ; ಅಲ್ಲಿ ಮಳೆನೀರಿನದೇ ಚಿಂತೆ. ವೆಂಟ್ ಪೈಪಿನಲ್ಲಿ 5 ಮೀಟರ್ ನೀರು ನಿಂತರೆ ಡಿಸ್ಕಿನ ಬೆನ್ನ ಮೇಲೆ ಸುಮಾರು ಅರ್ಧ ಬಾರ್ ಬೀಳುತ್ತದೆ, 3 ಬಾರ್‌ನ ಡಿಸ್ಕಿಗೆ ಅದು ಸಣ್ಣದಲ್ಲ. ಪೈಪಿನ ಕೆಳಬಾಗಿನಲ್ಲಿ ನೀರು ಬಸಿಯುವ ತೂತು ಕೊರೆಸಿದ್ದೇವೆ. ಮೇ ಕೊನೆಯ ವಾರದಲ್ಲಿ, ಮುಂಗಾರು ಹಿಡಿಯುವ ಮುನ್ನ, ಅದರಲ್ಲಿ ತಂತಿ ಆಡಿಸಿ ತುಕ್ಕು, ಕಣಜದ ಗೂಡು ತೆಗೆಸಿದ ಮೇಲೆಯೇ ಆ ವರ್ಷದ ಮಳೆಗಾಲದ ಪಟ್ಟಿಗೆ ಸಹಿ ಹಾಕುತ್ತೇನೆ.